ಚಂದ್ರಮತಿಯ ಅಳುವಿಗೆ ಅಂಕ ಹಾಕಿದ್ದು

ಅಂಕದ ಹಾಳೆಯಲ್ಲಿ ಶ್ರುತಿ, ತಾಳ, ಮಾತಿನ ಸ್ಪಷ್ಟತೆ ಈ ಮೂರು ಕಾಲಂ ತುಂಬೋದು ನನಗೆ ಯಾವತ್ತೂ ಕಷ್ಟ ಆಗಿಲ್ಲ. ಮೂವತ್ತು ವರ್ಷ ಹಾರ್ಮೋನಿಯಂ ಮುಂದೆ ಕೂತವನಿಗೆ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಗೊತ್ತಾಗುತ್ತದೆ. ನಾಲ್ಕನೇ ಕಾಲಂ ಇದೆಯಲ್ಲ, 'ಭಾವ', ಅದಕ್ಕೆ 100ರಲ್ಲಿ 40 ಅಂಕ. ರಂಗಗೀತೆ ಸ್ಪರ್ಧೆಗೆ ತೀರ್ಪುಗಾರನಾಗಿ ಮೊದಲ ಸಲ ಹೋದಾಗ ಆ ಕಾಲಂ ನೋಡಿಕೊಂಡು ಪೆನ್ನು ಹಿಡಿದು ತುಂಬಾ ಹೊತ್ತು ಹಾಗೇ ಕೂತಿದ್ದೆ. ಅದನ್ನು ತುಂಬೋದು ಹೇಗೆ ಅಂತ ನಾನು ಕಲಿತ ಬಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರು. ತುಮಕೂರು, ಹಾಸನ, ಮಂಡ್ಯದ ಕಡೆ ಹಳ್ಳಿಗಳಲ್ಲಿ ಹಬ್ಬ, ಜಾತ್ರೆಗೆ ರಾತ್ರಿ ಪೂರಾ ನಾಟಕ ಆಡುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಊರಿಗೆ ಹೋಗಿ ಹಾಡು, ಕಂದ, ವೃತ್ತ ಅನ್ನುವ ಪದ್ಯಗಳು, ಎಲ್ಲ ಹೇಳಿಕೊಡಬೇಕು. ಈ ಕಡೆ ಕುರುಕ್ಷೇತ್ರವೇ ಜಾಸ್ತಿ. ಸತ್ಯ ಹರಿಶ್ಚಂದ್ರ ಆಡೋಣ ಅಂತ ಯಾರಾದರೂ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, ಚಂದ್ರಮತಿ ಯಾರು ಮಾಡ್ತಾರೆ ಅಂತ. ಹರಿಶ್ಚಂದ್ರನನ್ನು ಹೇಗೋ ತಯಾರು ಮಾಡಬಹುದು. ಚಂದ್ರಮತಿ ಸಿಗದಿದ್ದರೆ ಆ ನಾಟಕ ಎದ್ದು ನಿಲ್ಲೋದಿಲ್ಲ.

ಯಾಕೆ ಅಂತ ಹೇಳ್ತೀನಿ. ಆ ಪಾತ್ರ ಮೊದಲು ರಾಣಿ. ಆಮೇಲೆ ಕಾಶಿಯಲ್ಲಿ ಮಾರಾಟವಾದ ತೊತ್ತು. ಆಮೇಲೆ ಹಾವು ಕಚ್ಚಿ ಸತ್ತ ಮಗನ ಹೆಣದ ಮುಂದೆ ಕೂತ ತಾಯಿ. ಆಮೇಲೆ ಸುಡುಗಾಡಿನಲ್ಲಿ ತೆರಿಗೆ ಕೊಡಲು ಕಾಸಿಲ್ಲದ ಹೆಂಗಸು. ಕೊನೆಗೆ ಮಾಡದ ಕೊಲೆಗೆ ಗಂಡನ ಕತ್ತಿಗೇ ಕುತ್ತಿಗೆ ಒಡ್ಡುವವಳು. ಒಂದೇ ಕಂಠ ಇಷ್ಟನ್ನೂ ಹೊರಬೇಕು. ರಾತ್ರಿ ಹತ್ತಕ್ಕೆ ಪರದೆ ಎದ್ದರೆ ಮಗ ಸಾಯುವ ಹೊತ್ತಿಗೆ ಎರಡೋ ಮೂರೋ ಗಂಟೆ ಆಗಿರುತ್ತದೆ. ಅಷ್ಟರಲ್ಲಿ ಹತ್ತಾರು ಹಾಡು ಹಾಡಿ ಗಂಟಲು ದಣಿದಿರುತ್ತದೆ, ಹೊರಗೆ ಇಬ್ಬನಿ ಬಿದ್ದಿರುತ್ತದೆ, ಆಗ ಬರುತ್ತದೆ ಆ ಪ್ರಲಾಪ. 13ನೇ ಶತಮಾನದಲ್ಲಿ ರಾಘವಾಂಕ ಷಟ್ಪದಿಯಲ್ಲಿ ಬರೆದ ಅಳು ಅದು. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಇವತ್ತಿಗೂ ಅದನ್ನು ವಾಚನ ಮಾಡುತ್ತಾರೆ. ಕಂಪನಿ ನಾಟಕದವರು ಅದೇ ಸಂದರ್ಭಕ್ಕೆ ತಮ್ಮದೇ ಹಾಡು ಕಟ್ಟಿಕೊಂಡರು. ಜೋಗಿಯಾ, ಭೈರವಿ, ಮುಖಾರಿ, ಹೀಗೆ ಆಯಾ ಮೇಷ್ಟ್ರಿಗೆ ಒಗ್ಗಿದ ರಾಗದಲ್ಲಿ.

ಸ್ಪರ್ಧೆಯಲ್ಲಿ ಇದೆಲ್ಲ ಇರುವುದಿಲ್ಲ. ಹತ್ತು ನಿಮಿಷ, ಒಂದು ಮೈಕು, ಒಂದು ಬಿಳಿ ಬಟ್ಟೆಯ ಗಂಟು, ಅದೇ ಮಗ. ಹಿಂದಿನ ನಾಲ್ಕು ಗಂಟೆಯ ಕಥೆ ಇಲ್ಲದೇನೇ ಹಾಡುವವರು ನೇರವಾಗಿ ದುಃಖದ ತುತ್ತತುದಿಗೆ ಬಂದು ನಿಲ್ಲಬೇಕು. ಹಾಗಾಗಿ ಬಹಳ ಜನ ಅಳುತ್ತಲೇ ಒಳಗೆ ಬರುತ್ತಾರೆ.

ಮೊದಲ ವರ್ಷ ನಾನು ತಪ್ಪಿದ್ದು ಅಲ್ಲೇ. ಕಾಲೇಜು ಓದುವ ವಯಸ್ಸಿನ ಒಬ್ಬ ಹುಡುಗಿ ಬಂದಳು. ಒಳ್ಳೇ ಕಂಠ. ಎತ್ತುಗಡೆಯಲ್ಲೇ ಬಿಕ್ಕಿದಳು. ಎರಡನೇ ಚರಣಕ್ಕೆ ಕಣ್ಣೀರು ಧಾರೆಯಾಗಿ ಇಳಿಯಿತು. ಮೈಕು ತುಟಿಗೆ ಅಂಟಿದಷ್ಟು ಹತ್ತಿರ ಇದ್ದದ್ದರಿಂದ ಒಂದೊಂದು ಬಿಕ್ಕೂ ಹಾಲ್ ಪೂರ್ತಿ ಕೇಳುತ್ತಿತ್ತು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತು. 40ಕ್ಕೆ 38 ಹಾಕಿದೆ. ಅವಳಿಗೇ ಮೊದಲ ಬಹುಮಾನ ಬಂತು.

ಆವತ್ತಿನ ಹಾಡುಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ರಾತ್ರಿ ಮನೆಯಲ್ಲಿ ಕೂತು ಮತ್ತೆ ಕೇಳಿದೆ. ಅವಳ ಹಾಡು ಬಂದಾಗ ನನಗೆ ಗಾಬರಿಯೇ ಆಯಿತು. ಮುಖ ಕಾಣದೆ ಬರೀ ಧ್ವನಿ ಕೇಳಿದರೆ ಅಲ್ಲಿ ಅಳು ಇದೆ, ಹಾಡು ಇಲ್ಲ. ಸಾಲಿನ ಕೊನೆಯ ಪದ ಒಂದೂ ಕಿವಿಗೆ ಬರುತ್ತಿಲ್ಲ. ಯಾರು ಸತ್ತರು, ಹೇಗೆ ಸತ್ತರು, ಇವಳು ಯಾಕೆ ಒಬ್ಬಳೇ ಇದ್ದಾಳೆ, ಯಾವುದೂ ತಿಳಿಯುತ್ತಿಲ್ಲ. ಮೊದಲ ಸಾಲಿನ ದುಃಖವೂ ಕೊನೆಯ ಸಾಲಿನ ದುಃಖವೂ ಒಂದೇ ಅಳತೆಯದು. ಅದೇ ಪಟ್ಟಿಯಲ್ಲಿ ನಾನು 24 ಹಾಕಿದ್ದ ಇನ್ನೊಬ್ಬರ ಹಾಡು ಕೇಳುವಾಗ ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದ ನನ್ನ ಹೆಂಡತಿ ಚಾಕು ಕೆಳಗಿಟ್ಟು, "ರೀ, ಇದು ಯಾರು ಹಾಡಿದ್ದು?" ಅಂದಳು. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬಹುಮಾನ ಕೊಟ್ಟಾಗಿತ್ತು. ಆ 24 ಅಂಕದವರಿಗೆ ನಾನು ಮಾಡಿದ್ದು ಅನ್ಯಾಯ, ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಅಳುತ್ತಾ ಹಾಡೋಕೆ ಆಗೋದಿಲ್ಲ ಅನ್ನೋದು ಮೈಯ ಲೆಕ್ಕ. ನಿಜವಾಗಿ ಅಳು ಬಂದಾಗ ಗಂಟಲು ಬಿಗಿಯುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೆ ಏರುತ್ತದೆ, ಉಸಿರು ತುಂಡು ತುಂಡಾಗುತ್ತದೆ. ಆ ಸ್ಥಿತಿಯಲ್ಲಿ ತಾರ ಷಡ್ಜ, ಅಂದರೆ ಮೇಲಿನ 'ಸ', ಮುಟ್ಟಿ ಅಲ್ಲಿ ನಿಲ್ಲೋದು ಯಾರಿಂದಲೂ ಆಗದ ಮಾತು. ಹಳೇ ಕಂಪನಿ ನಟರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಆಗ ಮೈಕು ಎಲ್ಲಿತ್ತು? ಟೆಂಟಿನ ಕೊನೇ ಸಾಲಿನಲ್ಲಿ ನೆಲದ ಮೇಲೆ ಕೂತವರಿಗೂ ಪ್ರತಿ ಪದ ಮುಟ್ಟಬೇಕಿತ್ತು. ಶ್ರುತಿ ಮೇಲಿರುತ್ತಿತ್ತು, ಬಾಯಿ ಪೂರ್ತಿ ತೆರೆದಿರುತ್ತಿತ್ತು. ಬಿಕ್ಕು ಅಷ್ಟು ದೂರ ಹೋಗೋದಿಲ್ಲ, ಸ್ವರ ಹೋಗುತ್ತದೆ. ಅದಕ್ಕೇ ದುಃಖವನ್ನೆಲ್ಲ ಸ್ವರದೊಳಗೇ ಇಡಬೇಕಿತ್ತು. ಜನ 'ಒನ್ಸ್ ಮೋರ್' ಅಂದರೆ ಅದೇ ಅಳುವಿನ ಹಾಡನ್ನು ಮೊದಲಿಂದ ಮತ್ತೆ ಹಾಡಬೇಕಿತ್ತು, ಅಷ್ಟೇ ದುಃಖದಿಂದ. ಉಸಿರು, ಗಂಟಲು ಕೈಯಲ್ಲಿ ಇದ್ದವರಿಗೆ ಮಾತ್ರ ಸಾಧ್ಯ ಅದು.

ಹಾಗಾದರೆ ಭಾವ ಎಲ್ಲಿಂದ ಬರಬೇಕು? ಇದಕ್ಕೆ ನನಗೆ ದಾರಿ ಸಿಕ್ಕಿದ್ದು ನಮ್ಮ ಅಜ್ಜಿಯಿಂದ. ನನ್ನ ಚಿಕ್ಕಪ್ಪ ಹೋದಾಗ ನಾನು ಚಿಕ್ಕವನು. ಅಜ್ಜಿ ಮಗನ ತಲೆ ಹತ್ತಿರ ಕೂತು ಹಾಡಿಕೊಂಡು ಅಳುತ್ತಿದ್ದಳು. ಹಳ್ಳಿಯವರಿಗೆ ಇದು ಗೊತ್ತು, ಹೇಳಿ ಹೇಳಿ ಅಳೋದು. "ನನ್ನಪ್ಪಾ, ನೇಗಿಲು ಅಂಗಳದಲ್ಲೇ ಬಿಟ್ಟೋದೆಯಲ್ಲೋ" ಅನ್ನುವ ಥರ. ಆ ಅಳುವಿಗೆ ಒಂದು ಧಾಟಿ ಇತ್ತು. ಸಾಲು ಮೇಲಿನಿಂದ ಶುರುವಾಗುತ್ತಿತ್ತು, ಕೊನೆಗೆ ಕೆಳಗೆ ಇಳಿದು ಬರೀ ಉಸಿರಾಗುತ್ತಿತ್ತು. ಆ ಇಳಿಯುವ ಜಾಗದಲ್ಲೇ ಸುತ್ತ ಇದ್ದವರಿಗೆಲ್ಲ ಅಳು ಬರುತ್ತಿದ್ದದ್ದು. ಮತ್ತೆ ಅವಳು ಹೇಳುತ್ತಿದ್ದದ್ದು ಪೂರಾ ಸಣ್ಣ ಸಣ್ಣ ವಿಷಯ, ಅವನ ಎಮ್ಮೆ, ಅವನ ಚಪ್ಪಲಿ, ಬೆಳಿಗ್ಗೆ ಅವನು ಉಣ್ಣದೆ ಬಿಟ್ಟ ರಾಗಿ ಮುದ್ದೆ. ಅವಳು ನಮ್ಮ ಕಡೆ ಒಮ್ಮೆಯೂ ನೋಡಲಿಲ್ಲ. ಅವನ ಜೊತೆಗೇ ಮಾತಾಡುತ್ತಿದ್ದಳು.

ಈಗ ನಾನು ಅಂಕ ಹಾಕುವಾಗ ಆ ಅಳುವನ್ನೇ ಕಿವಿಯಲ್ಲಿ ಇಟ್ಟುಕೊಂಡು ಕೂರುತ್ತೇನೆ.

ಮೊದಲ ಚರಣ ಮುಗಿಯುವ ತನಕ ನಾನು ವೇದಿಕೆ ನೋಡುವುದಿಲ್ಲ. ತಲೆ ತಗ್ಗಿಸಿ ಬರೀ ಕೇಳುತ್ತೇನೆ. ಮುಖ ನೋಡಿದರೆ ಮುಖಕ್ಕೇ ಅಂಕ ಹೋಗಿಬಿಡುತ್ತದೆ ಅನ್ನೋದು ಮೊದಲ ವರ್ಷ ಗೊತ್ತಾಯಿತಲ್ಲ. ಕೇಳುವಾಗ ಎಲ್ಲಕ್ಕಿಂತ ಮೊದಲು ಗಮನಿಸೋದು ಮಾತು ಹಾಡಾಗುವ ಜಾಗ. ಹಾಡಿಗೆ ಮುಂಚೆ ಒಂದೆರಡು ಸಾಲು ಮಾತು ಇರುತ್ತದೆ. ಕೆಲವರು ಮಾತು ಮುಗಿಸಿ, ಒಂದು ಕ್ಷಣ ನಿಂತು, ಹಾರ್ಮೋನಿಯಂನವರ ಕಡೆ ನೋಡಿ, ಶ್ರುತಿ ಹಿಡಿದು, ಆಮೇಲೆ ದುಃಖ ಶುರು ಮಾಡುತ್ತಾರೆ. ಅಲ್ಲಿಗೆ ತಾಯಿ ಹೋಗಿ ಗಾಯಕಿ ಬಂದುಬಿಟ್ಟಳು ಅಂತ ನಮಗೆ ಗೊತ್ತಾಗುತ್ತದೆ. ಒಳ್ಳೆಯವರಲ್ಲಿ ಮಾತಿನ ಕೊನೆಯ ಪದವೇ ಶ್ರುತಿಯಲ್ಲಿ ಬಂದಿರುತ್ತದೆ. ಮಾತಾಡುತ್ತಾ ಆಡುತ್ತಾ ಇನ್ನು ಮಾತು ಸಾಲದು ಅನ್ನುವ ಹೊತ್ತಿಗೆ ಅದು ತಾನಾಗಿ ಹಾಡಾಗಿರುತ್ತದೆ, ಎಲ್ಲಿ ಆಯಿತು ಅಂತ ಬೆರಳಿಟ್ಟು ತೋರಿಸೋಕೆ ಆಗೋದಿಲ್ಲ.

ಇನ್ನೊಂದು ಉಸಿರು. ಪಕ್ಕವಾದ್ಯದವನಾದ್ದರಿಂದ ನನ್ನ ಗಮನ ಯಾವಾಗಲೂ ಉಸಿರಿನ ಮೇಲೇ. 'ಮಗನೇ' ಅನ್ನೋ ಪದದ ನಡುವೆ ಉಸಿರು ತೆಗೆದರೆ ಅದು ತಯಾರಿ ಸಾಲದೇ ಇರೋದು. 'ಮಗನೇ' ಅಂದಮೇಲೆ, ಅವನು ಉತ್ತರ ಕೊಟ್ಟಾನೇನೋ ಅಂತ ಕಾದ ಹಾಗೆ ಉಸಿರು ತೆಗೆದರೆ ನಾನು ಪಕ್ಕಕ್ಕೆ ಒಂದು ಗೆರೆ ಎಳೆದುಕೊಳ್ಳುತ್ತೇನೆ. ಆ ಪದ ಹಾಡಿನಲ್ಲಿ ಐದಾರು ಸಲ ಬರುತ್ತದೆ. ಪ್ರತಿ ಸಲವೂ ಒಂದೇ ಥರ ಬಂತಾ, ಬೇರೆ ಬೇರೆ ಬಂತಾ? ಮೊದಲ ಸಲ ಎಬ್ಬಿಸುವ ಹಾಗೆ ಕೂಗಬಹುದು. ಎರಡನೇ ಸಲ ಗದರಬಹುದು. ಅವನು ಏಳೋದಿಲ್ಲ ಅಂತ ಅವಳಿಗೆ ತಿಳಿಯುವ ಸಾಲು ಯಾವುದು ಅಂತ ಹಾಡುವವರು ಮೊದಲೇ ಯೋಚಿಸಿದ್ದಾರಾ? ಯೋಚಿಸಿದ್ದರೆ ಆ ಸಾಲಿನಲ್ಲಿ ಧ್ವನಿ ಬದಲಾಗುತ್ತದೆ.

ಎರಡನೇ ಚರಣಕ್ಕೆ ತಲೆ ಎತ್ತುತ್ತೇನೆ. ಆಗ ನೋಡೋದು ಕಣ್ಣು ಯಾರ ಕಡೆ ಇದೆ ಅಂತ. ಮಗನ ಕಡೆಯಾ, ನಮ್ಮ ಕಡೆಯಾ? ಬಿಳಿ ಗಂಟನ್ನು ಎತ್ತುವಾಗ ಅದಕ್ಕೆ ಮಗುವಿನ ಭಾರ ಇದೆಯಾ?

ಎರಡು ವರ್ಷದ ಹಿಂದೆ ಒಬ್ಬ ಹೆಂಗಸು ಬಂದಿದ್ದರು. ನಲವತ್ತು ದಾಟಿದ ವಯಸ್ಸು, ಸಾಧಾರಣ ಸೀರೆ, ಧ್ವನಿ ಸ್ವಲ್ಪ ಒರಟು. ಹಾಡು ಶುರು ಮಾಡುವ ಮೊದಲು ಆ ಗಂಟಿನ ಕಾಲಿನ ಕಡೆ ಕೂತು ಮಣ್ಣು ಒರೆಸಿದರು. ದರ್ಭೆ ತರಲು ಕಾಡಿಗೆ ಹೋದ ಮಗ, ಕಾಲಲ್ಲಿ ಮಣ್ಣು ಇರುತ್ತದೆ ಅಲ್ವಾ? ಅಲ್ಲಿಂದ ಹಾಡು ಎದ್ದಿತು. ಜೋರು ಇಲ್ಲ. ಮಧ್ಯ ಸ್ಥಾಯಿಯಲ್ಲೇ, ದಿನಾ ಬೆಳಿಗ್ಗೆ ಮಗನನ್ನು ಎಬ್ಬಿಸುವ ದನಿ. ಒಂದೇ ಸಲ ತಾರ ಸ್ಥಾಯಿಗೆ ಹೋದರು, ನಾಲ್ಕನೇ 'ಮಗನೇ'ಗೆ. ಸ್ವರ ಒಂದಿಷ್ಟೂ ಅಲುಗಲಿಲ್ಲ, ಅಲ್ಲೇ ನಿಂತಿತು, ಆಮೇಲೆ ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಸ್ವರ ಇಳಿದು ಮಂದ್ರದಲ್ಲಿ ಬರೀ ಉಸಿರಾಯಿತು. ನಮ್ಮ ಅಜ್ಜಿಯ ಸಾಲು! ಹಾರ್ಮೋನಿಯಂ ನುಡಿಸುತ್ತಿದ್ದ ಹುಡುಗ ಒಳ್ಳೇ ಜಾಣ, ಬೆರಳು ಎತ್ತಿ ಷಡ್ಜ ಒಂದನ್ನೇ ಹಿಡಿದುಕೊಂಡ. ಅವರ ಕಣ್ಣಲ್ಲಿ ನೀರಿರಲಿಲ್ಲ. ನಾನು ಬರೆಯೋದನ್ನೇ ಮರೆತಿದ್ದೆ. ಆಮೇಲೆ 37 ಹಾಕಿದೆ.

ನನ್ನ ಪಕ್ಕ ಕೂತಿದ್ದ ತೀರ್ಪುಗಾರರು ಊಟದ ಹೊತ್ತಿಗೆ ನನ್ನ ಹಾಳೆ ನೋಡಿ, "ಕಣ್ಣಲ್ಲಿ ಒಂದು ಹನಿ ಇಲ್ಲ, ಎಂಥ ಭಾವ ಸಾರ್ ಅದು?" ಅಂದರು. ಅವರು 22 ಹಾಕಿದ್ದರು. ನಾನು ರೆಕಾರ್ಡಿಂಗ್ ಹಾಕಿ ಕೇಳಿಸಿದೆ. ಆಮೇಲೂ ಅವರು 22ನ್ನೇ ಇಟ್ಟರು, ಅದು ಅವರ ಹಕ್ಕು. ನನಗೂ 37 ತಪ್ಪು ಅಂತ ಅನಿಸಲಿಲ್ಲ. ಆ ಹೆಂಗಸಿಗೆ ಎರಡನೇ ಬಹುಮಾನ ಬಂತು. ಇಂಥ ಕಡೆ ಮೂವರು ತೀರ್ಪುಗಾರರು ಬೇಕೇ ಬೇಕು, ಊಟಕ್ಕೆ ಮುಂಚೆ ಯಾರೂ ಯಾರ ಹಾಳೆಯನ್ನೂ ನೋಡಬಾರದು ಅಂತ ನಾನು ಆಯೋಜಕರಿಗೆ ಹೇಳಿದ್ದೇನೆ.

ಅಳದೆ ಹಾಡಿದವರಿಗೆಲ್ಲ ನಾನು ಅಂಕ ಸುರಿಯುತ್ತೇನೆ ಅಂದುಕೊಳ್ಳಬೇಡಿ. ಸಂಗೀತ ಚೆನ್ನಾಗಿ ಕಲಿತ ಕೆಲವರು ಬಂದು ಜೋಗಿಯಾವನ್ನು ಕಛೇರಿಯಲ್ಲಿ ಹಾಡಿದ ಹಾಗೆ ಹಾಡುತ್ತಾರೆ. ಹೆಣದ ಮುಂದೆ ರಾಗದ ತಾನ! ಕೇಳೋಕೆ ಸೊಗಸಾಗಿರುತ್ತದೆ, ಶ್ರುತಿಯ ಕಾಲಂ ಪೂರ್ತಿ ಕೊಡುತ್ತೇನೆ, ಭಾವದಲ್ಲಿ 15 ದಾಟುವುದಿಲ್ಲ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡಿದವರು, ಬಸವರಾಜ ರಾಜಗುರುಗಳೂ ಹಾಗೇ. ಅಂಥ ದೊಡ್ಡ ಸಂಗೀತ ನಾಟಕದ ಬಾಗಿಲಿನಿಂದ ಹೊರಗೆ ಬಂದಿರುವಾಗ, ನಾಟಕದ ಹಾಡಿಗೆ ಬಂದವರು ಪಾತ್ರವನ್ನು ಹೊರಗೆ ಬಿಟ್ಟು ಬರೀ ರಾಗ ತಂದರೆ ನನಗೆ ತುಂಬಾ ಬೇಜಾರಾಗುತ್ತದೆ.

ಗಂಡಸರು ಚಂದ್ರಮತಿ ಹಾಡುವುದೂ ಉಂಟು. ಹಿಂದೆ ಸ್ತ್ರೀ ಪಾತ್ರ ಗಂಡಸರೇ ಮಾಡುತ್ತಿದ್ದರು. 1958ರಲ್ಲಿ ಆರ್. ನಾಗರತ್ನಮ್ಮನವರು ಹೆಂಗಸರದ್ದೇ ಕಂಪನಿ ಕಟ್ಟಿ ಕಂಸನ ಪಾತ್ರವನ್ನೇ ತಾವು ಮಾಡಿದರು. ಹಾಗಾಗಿ ಯಾರ ಕಂಠ ಅನ್ನೋದನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ. ಧ್ವನಿ ತೆಳು ಮಾಡಿಕೊಂಡು ಹೆಂಗಸಿನ ಹಾಗೆ ಹಾಡೋಕೆ ಹೋಗಿ ಪದ ನುಂಗಿದರೆ ಮಾತ್ರ ಅಂಕ ಹೋಗುತ್ತದೆ.

ಕಳೆದ ಸಲ ಬಹುಮಾನ ಎಲ್ಲ ಕೊಟ್ಟು ಮುಗಿದಮೇಲೆ ಒಬ್ಬ ಹುಡುಗಿ ಬಂದು, "ಸಾರ್, ನನಗೆ ಭಾವದಲ್ಲಿ 19 ಯಾಕೆ?" ಅಂತ ಕೇಳಿದಳು. ಕೋಪ ಇರಲಿಲ್ಲ, ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದು. ಮೈಕಿನವರು ವೈರು ಸುತ್ತುತ್ತಿದ್ದರು. ಹಾರ್ಮೋನಿಯಂ ಇನ್ನೂ ಅಲ್ಲೇ ಇತ್ತು. ಕೂರಿಸಿಕೊಂಡು, "ಹಾಡಬೇಡ ತಾಯಿ, ಮೊದಲ ಸಾಲು ಸುಮ್ನೆ ಹೇಳು" ಅಂದೆ. ಹೇಳಿದಳು. "ಅವನ ಕಿವಿ ಹತ್ತಿರ ಹೇಳು." ಎರಡನೇ ಸಲಕ್ಕೆ ದನಿ ತಗ್ಗಿತು, ಮೂರನೇ ಸಲಕ್ಕೆ ಸಾಲಿನ ಕೊನೆ ತಾನಾಗಿ ಇಳಿಯಿತು. ಅದು ಇಳಿದು ನಿಂತ ಸ್ವರ ಎಲ್ಲಿದೆ ಅಂತ ಹಾರ್ಮೋನಿಯಂನಲ್ಲಿ ಹುಡುಕಿದೆ. ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿಯುವ ಜಾಗಕ್ಕೆ ನಾವು ಮನೆ ಅನ್ನುತ್ತೇವೆ. ಅವಳು ಸ್ಪರ್ಧೆಯಲ್ಲಿ ಹಾಡಿದ್ದು ಐದೂವರೆ ಮನೆಗೆ. ಈ ದನಿಗೆ ನಾಲ್ಕೂವರೆ ಸಾಕಿತ್ತು. ಮೇಲಿನ ಸ್ವರ ಮುಟ್ಟೋಕೆ ಒದ್ದಾಡುವಾಗ ಗಂಟಲು ಬಿಗಿದದ್ದನ್ನು ಅವಳು ಅಳುವಿನಿಂದ ಮುಚ್ಚುತ್ತಿದ್ದಳು. ನಾಲ್ಕೂವರೆಗೆ ಶ್ರುತಿ ಹಿಡಿದು ಅದೇ ಹಾಡು ಹಾಡಿಸಿದೆ. ಮೈಕಿಲ್ಲದೆ ಹಾಡಿದಳು. ಪದ ಎಲ್ಲ ಕೇಳಿದವು.

ಚೀಟಿಯಲ್ಲಿ ಶ್ರುತಿ ಬರೆದುಕೊಂಡು ಹೊರಡುವಾಗ ಕೇಳಿದಳು, "ಶ್ರುತಿ ಇಳಿಸಿದರೆ ಅಂಕ ಹೋಗಲ್ವಾ ಸಾರ್?"

"ನನ್ನ ಹಾಳೆಯಲ್ಲಿ ಹೋಗೋದಿಲ್ಲಮ್ಮ" ಅಂದೆ.