ಟಮ್ಮಿ ಟಕ್: ನಿಮ್ಮ ಹೊಟ್ಟೆಗೆ ಹೊಂದುವ ವಿಧ ಯಾವುದು?

'ಚಿಕ್ಕದೇ ಸಾಕು, ಮಿನಿ ಮಾಡಿಬಿಡಿ ಡಾಕ್ಟ್ರೇ.' ಟಮ್ಮಿ ಟಕ್, ಅಂದರೆ ಹೊಟ್ಟೆಯ ಸಡಿಲ ಚರ್ಮ ತೆಗೆದು ಬಿಗಿಮಾಡುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಳ್ಳಲು ಹೊರಟವರಲ್ಲಿ ಎಷ್ಟೋ ಮಂದಿ ಹೀಗೆ ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿರುತ್ತಾರೆ. ಕೊಯ್ತ ಚಿಕ್ಕದು, ಕಲೆ ಚಿಕ್ಕದು, ಬೇಗ ಎದ್ದು ಓಡಾಡಬಹುದು ಎಂಬ ಲೆಕ್ಕ. ಆದರೆ ಹೊಕ್ಕುಳಿನ ಮೇಲ್ಭಾಗದಲ್ಲೂ ಚರ್ಮ ಸಡಿಲವಾಗಿರುವವರಿಗೆ ಮಿನಿ ಮಾಡಿದರೆ ಕಿಬ್ಬೊಟ್ಟೆ ಮಾತ್ರ ಸಪಾಟಾಗಿ, ಮೇಲಿನ ಉಬ್ಬು ಹಾಗೇ ಉಳಿಯುತ್ತದೆ. ಅದನ್ನು ಸರಿಪಡಿಸಲು ಮತ್ತೊಮ್ಮೆ ಆಪರೇಷನ್ ಥಿಯೇಟರ್ ಸೇರಬೇಕು. ಕಲೆಯ ಉದ್ದವನ್ನು ಮೊದಲು ನಿರ್ಧರಿಸಿ ಹೊಟ್ಟೆಯನ್ನು ಆಮೇಲೆ ನೋಡುವುದು ತಪ್ಪು ಕ್ರಮ. ಸಡಿಲವಾಗಿರುವುದು ಏನು, ಎಲ್ಲಿ ಎಂಬುದು ತಿಳಿದರೆ ವಿಧ ಯಾವುದೆಂಬುದು ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು: ಉಬ್ಬಿರುವುದು ಏನು?

ಹೊಟ್ಟೆ ಮುಂದೆ ಬರಲು ನಾಲ್ಕು ಕಾರಣಗಳಿರಬಹುದು: ಜೋತ ಚರ್ಮ, ಚರ್ಮದಡಿಯ ಕೊಬ್ಬು, ನಡುವೆ ಅಗಲಗೊಂಡ ಸ್ನಾಯು, ಕರುಳಿನ ಸುತ್ತ ಕೂತ ಒಳಕೊಬ್ಬು. ಕನ್ನಡಿ ಇವನ್ನು ಬೇರೆ ಬೇರೆಯಾಗಿ ತೋರಿಸುವುದಿಲ್ಲ. ಕೈ ಮುಟ್ಟಿ ನೋಡಬೇಕು.

ನಿಂತುಕೊಂಡು ಹೊಕ್ಕುಳಿನ ಕೆಳಗಿನ ಮಡಿಕೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಿರಿ. ದಪ್ಪನೆಯ ಮಡಿಕೆ ಸಿಕ್ಕರೆ ಚರ್ಮದಡಿಯ ಕೊಬ್ಬು ಇದೆ. ತೆಳ್ಳಗೆ, ಸುಕ್ಕುಸುಕ್ಕಾಗಿ ಸಿಕ್ಕರೆ ಅದು ಬರೀ ಚರ್ಮ. ಈಗ ಸೊಂಟದಿಂದ ಮುಂದಕ್ಕೆ ಬಾಗಿ ನೋಡಿ. ಹೊಕ್ಕುಳಿನ ಮೇಲಿನ ಭಾಗವೂ ಜೋತು ಇಳಿಯುತ್ತದೆಯೇ? ಇಳಿದರೆ ಮಿನಿ ನಿಮಗಲ್ಲ ಎಂದು ಅಲ್ಲಿಗೇ ಬಹುಮಟ್ಟಿಗೆ ಖಚಿತ.

ಸ್ನಾಯುವಿನ ಪರೀಕ್ಷೆಗೆ ಮಂಡಿ ಮಡಚಿ ಅಂಗಾತ ಮಲಗಿ. ಬೆರಳ ತುದಿಗಳನ್ನು ಹೊಕ್ಕುಳಿನ ಮೇಲೆ ಅಡ್ಡಲಾಗಿ ಇಟ್ಟು, ತಲೆಯನ್ನೂ ಭುಜವನ್ನೂ ಮೆಲ್ಲಗೆ ಎತ್ತಿ. ಎರಡೂ ಬದಿಯ ಸ್ನಾಯು ಬಿಗಿಯಾದಾಗ ನಡುವೆ ಮೆತ್ತಗಿನ ಕಣಿವೆ ಸಿಕ್ಕಿ, ಅದರೊಳಗೆ ಎರಡು ಬೆರಳಿಗಿಂತ ಹೆಚ್ಚು ಹಿಡಿದರೆ ಸ್ನಾಯುಗಳು ದೂರ ಸರಿದಿರಬಹುದು. ಈ ಅಂತರ ಸುಮಾರು 2 ಸೆಂಟಿಮೀಟರ್ ದಾಟಿದರೆ ವೈದ್ಯರು ಅದನ್ನು ಡಯಾಸ್ಟಾಸಿಸ್ ಎನ್ನುತ್ತಾರೆ. ಹೆರಿಗೆಯ ನಂತರ ಬಹಳ ಜನರಲ್ಲಿ ಇದು ಕಾಣುತ್ತದೆ, ಗಂಡಸರಲ್ಲೂ ಇರುತ್ತದೆ. ಸರಿಯಾದ ವ್ಯಾಯಾಮದಿಂದ ಸ್ವಲ್ಪ ಅಂತರ ಕಡಿಮೆಯಾಗಬಹುದಾದ್ದರಿಂದ, ಶಸ್ತ್ರಚಿಕಿತ್ಸೆಗೆ ಮೊದಲು ಫಿಸಿಯೋಥೆರಪಿಸ್ಟ್ ಬಳಿ ಕೆಲವು ತಿಂಗಳು ಪ್ರಯತ್ನಿಸುವುದು ಒಳ್ಳೆಯದು.

ಮಲಗಿದಾಗಲೂ ಹೊಟ್ಟೆ ತಗ್ಗದೆ ಗಟ್ಟಿಯಾಗಿ ಗುಂಡಗೆ ನಿಂತು, ಹಿಡಿದರೆ ಮಡಿಕೆ ಹೆಚ್ಚು ಸಿಗದಿದ್ದರೆ ಅದು ಒಳಕೊಬ್ಬು. ಇದನ್ನು ಯಾವ ಟಮ್ಮಿ ಟಕ್ಕೂ ತೆಗೆಯಲಾರದು, ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಕೊಳವೆಯೂ ಅಲ್ಲಿಗೆ ಹೋಗುವುದಿಲ್ಲ. ತೂಕ ಇಳಿಸುವುದೊಂದೇ ದಾರಿ. ಈ ಮಾತನ್ನು ಮೊದಲೇ ನೇರವಾಗಿ ಹೇಳುವ ವೈದ್ಯರನ್ನು ಬಿಡಬೇಡಿ.

ಆಮೇಲೆ: ಯಾವ ಹೊಟ್ಟೆಗೆ ಯಾವುದು?

ಚರ್ಮ ಬಿಗಿಯಾಗಿದ್ದು, ಸ್ನಾಯು ಗಟ್ಟಿಯಾಗಿದ್ದು, ಅಲ್ಲಲ್ಲಿ ಕೊಬ್ಬಷ್ಟೇ ಇರುವವರಿಗೆ ಟಮ್ಮಿ ಟಕ್ ಬೇಕಿಲ್ಲ, ಲೈಪೊಸಕ್ಷನ್ ಸಾಕು. ಸಡಿಲ ಚರ್ಮದ ಅಡಿಯ ಕೊಬ್ಬನ್ನು ಮಾತ್ರ ಹೀರಿ ತೆಗೆದರೆ ಚರ್ಮ ಇನ್ನಷ್ಟು ಜೋಲುತ್ತದೆ ಎಂಬುದು ನೆನಪಿರಲಿ.

ಮಿನಿ ಟಮ್ಮಿ ಟಕ್‌ನಲ್ಲಿ ಕಿಬ್ಬೊಟ್ಟೆಯ ಕೆಳಗೆ ಚಿಕ್ಕ ಕೊಯ್ತ ಹಾಕಿ, ಹೊಕ್ಕುಳಿನ ಕೆಳಗಿನ ಸಡಿಲವನ್ನಷ್ಟೇ ತೆಗೆಯುತ್ತಾರೆ. ಸಾಮಾನ್ಯವಾಗಿ ಹೊಕ್ಕುಳಿನ ಸುತ್ತ ಹೊಸ ಹೊಲಿಗೆ ಬರುವುದಿಲ್ಲ. ತೂಕ ಹದವಾಗಿದ್ದು, ಸಿಸೇರಿಯನ್ ಕಲೆಯ ಮೇಲೆ ಸಣ್ಣ ಮಡಿಕೆಯೊಂದು ಕೂತಿರುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಅಂಥವರ ಸಂಖ್ಯೆ ಮಿನಿ ಕೇಳಿಕೊಂಡು ಬರುವವರಿಗಿಂತ ಕಡಿಮೆ.

ಪೂರ್ಣ ಟಮ್ಮಿ ಟಕ್ ಬಗ್ಗೆ ಸ್ವಲ್ಪ ವಿವರವಾಗಿ ತಿಳಿಯಬೇಕು, ಏಕೆಂದರೆ ಹೆಚ್ಚಿನವರಿಗೆ ಬೇಕಾಗುವುದು ಇದೇ. ಕೊಯ್ತ ಒಳಉಡುಪಿನ ಗೆರೆಯ ಕೆಳಗೆ ಸೊಂಟದ ಒಂದು ಮೂಳೆಯಿಂದ ಇನ್ನೊಂದರವರೆಗೆ ಸಾಗುತ್ತದೆ. ಹೊಕ್ಕುಳಿನ ಸುತ್ತ ದುಂಡಗೆ ಕೊಯ್ದು ಅದನ್ನು ಚರ್ಮದಿಂದ ಬಿಡಿಸುತ್ತಾರೆ. ಅದು ತನ್ನ ಬುಡದ ಮೇಲೆ, ಇದ್ದ ಜಾಗದಲ್ಲೇ ಇರುತ್ತದೆ. ಚರ್ಮ ಮತ್ತು ಕೊಬ್ಬನ್ನು ಪಕ್ಕೆಲುಬಿನ ಕಡೆಗೆ ಮೇಲೆತ್ತಿ, ದೂರ ಸರಿದ ಸ್ನಾಯುಗಳನ್ನು ಎದೆಮೂಳೆಯ ಬುಡದಿಂದ ಕೆಳಗಿನವರೆಗೆ ನಡುಗೆರೆಯಲ್ಲಿ ಹೊಲಿದು ಬಿಗಿಮಾಡುತ್ತಾರೆ. ಬಳಿಕ ಮೇಜನ್ನು ಸೊಂಟದ ಬಳಿ ಬಗ್ಗಿಸಿ, ಚರ್ಮವನ್ನು ಕೆಳಗೆಳೆದು, ಹೆಚ್ಚಾದದ್ದನ್ನು ಕತ್ತರಿಸಿ, ಹೊಕ್ಕುಳು ಹೊರಬರಲು ಹೊಸ ರಂಧ್ರ ಮಾಡಿ ಹೊಲಿಯುತ್ತಾರೆ. ಹೊಕ್ಕುಳಿನ ಕೆಳಗಿನ ಗರ್ಭದ ಗೆರೆಗಳು ಕತ್ತರಿಸಿದ ಚರ್ಮದೊಂದಿಗೆ ಹೋಗುತ್ತವೆ. ಮೇಲಿನವು ಹೋಗುವುದಿಲ್ಲ, ಕೆಳಕ್ಕೆ ಜಾರುತ್ತವೆ ಅಷ್ಟೇ. ಹೊಕ್ಕುಳು ಮೊದಲಿದ್ದ ರಂಧ್ರ ಕಿಬ್ಬೊಟ್ಟೆಯ ಗೆರೆ ಮುಟ್ಟುವಷ್ಟು ಚರ್ಮ ಸಡಿಲವಿಲ್ಲದಿದ್ದರೆ ಅದನ್ನು ಮುಚ್ಚಿದ ಜಾಗದಲ್ಲಿ ಒಂದು ಸಣ್ಣ ಲಂಬ ಕಲೆ ಉಳಿಯಬಹುದು. 'ನನಗೆ ಆ ಲಂಬ ಕಲೆ ಬರುತ್ತದೆಯೇ?' ಎಂದು ಮೊದಲೇ ಕೇಳಿ. ಬೇಡ ಎನ್ನುವವರಿಗೆ ಅಡ್ಡ ಕಲೆಯನ್ನೇ ತುಸು ಮೇಲೆ ಇರಿಸುವ ದಾರಿಯೂ ಇದೆ.

ಇದರ ಜೊತೆಗೆ ಪಕ್ಕೆಗಳ ಕೊಬ್ಬನ್ನು ಹೀರಿ ತೆಗೆಯುವುದು ಈಗ ಸಾಮಾನ್ಯ. ಚರ್ಮವನ್ನು ಮೇಲೆತ್ತುವ ಭಾಗವನ್ನು ಕಿರಿದಾಗಿಸಿ ರಕ್ತನಾಳಗಳನ್ನು ಉಳಿಸಿಕೊಳ್ಳುವ ಕ್ರಮವೂ ಇದೆ, ಅದನ್ನು ಲೈಪೋಅಬ್ಡಾಮಿನೋಪ್ಲಾಸ್ಟಿ ಎನ್ನುತ್ತಾರೆ.

ಸಡಿಲ ಪಕ್ಕೆಯವರೆಗೂ ಹಬ್ಬಿದ್ದರೆ ಕೊಯ್ತವನ್ನು ಸೊಂಟ ದಾಟಿಸಿ ಹಿಂದಕ್ಕೆ ಒಯ್ಯುವ ವಿಸ್ತೃತ ವಿಧ ಬೇಕು. ಇಲ್ಲಿ ಕಲೆ ಚಿಕ್ಕದಾಗಲಿ ಎಂದು ಹಟ ಹಿಡಿದರೆ ಎರಡೂ ತುದಿಯಲ್ಲಿ ಚರ್ಮ ಗಂಟಿನಂತೆ ಉಬ್ಬಿ ನಿಲ್ಲುತ್ತದೆ, ಬಟ್ಟೆಯ ಮೇಲಿಂದಲೂ ಅದು ಕಾಣುತ್ತದೆ.

ಬಹಳ ತೂಕ ಇಳಿಸಿದವರ ಕಥೆಯೇ ಬೇರೆ. ಅವರಲ್ಲಿ ಚರ್ಮ ಮೇಲಿಂದ ಕೆಳಕ್ಕಷ್ಟೇ ಅಲ್ಲ, ಅಡ್ಡಲಾಗಿಯೂ ಹೆಚ್ಚಾಗಿರುತ್ತದೆ. ಹೊಟ್ಟೆಯ ಎರಡೂ ಬದಿಯನ್ನು ಅಂಗೈಯಿಂದ ನಡುವಿಗೆ ತಳ್ಳಿ ನೋಡಿ. ನಡುವೆ ದೊಡ್ಡ ಮಡಿಕೆ ಎದ್ದರೆ ಕೆಳಕ್ಕೆ ಎಳೆಯುವುದರಿಂದಷ್ಟೇ ಅದು ಹೋಗದು. ಅಡ್ಡ ಕೊಯ್ತದ ಜೊತೆಗೆ ನಡುಮಧ್ಯೆ ಉದ್ದ ಕೊಯ್ತವನ್ನೂ ಹಾಕುವ ಫ್ಲರ್-ಡಿ-ಲಿ ವಿಧ ಇಂಥವರಿಗಾಗಿ ಇದೆ. ಸೊಂಟದ ಆಕಾರ ಇದರಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಹೊಟ್ಟೆಯ ನಡುವಿನ ಕಲೆಯನ್ನು ಒಪ್ಪಿಕೊಳ್ಳಬೇಕು. ಬೆನ್ನು, ಪೃಷ್ಠವೂ ಜೋತಿದ್ದರೆ ಸುತ್ತಲೂ ಕೊಯ್ತ ಬರುವ ಬೆಲ್ಟ್ ಲೈಪೆಕ್ಟಮಿ. ಎಲ್ಲಕ್ಕಿಂತ ದೊಡ್ಡ ಶಸ್ತ್ರಚಿಕಿತ್ಸೆ ಇದೇ.

ಮೇಲ್ಹೊಟ್ಟೆ ಮಾತ್ರ ಸಡಿಲವಾಗಿರುವ ಅಪರೂಪದವರಿಗೆ ಸ್ತನಗಳ ಕೆಳಗಿನ ಗೆರೆಯಿಂದ ಚರ್ಮವನ್ನು ಮೇಲಕ್ಕೆಳೆಯುವ ರಿವರ್ಸ್ ವಿಧವಿದೆ. ಜೋತ ಚರ್ಮದಡಿ ಪದೇ ಪದೇ ಹುಣ್ಣು, ಸೋಂಕು ಆಗುವವರಿಗೆ ಆ ಭಾಗವನ್ನಷ್ಟೇ ತೆಗೆಯುವ ಪ್ಯಾನಿಕ್ಯುಲೆಕ್ಟಮಿ ಇದೆ. ಇದರಲ್ಲಿ ಸ್ನಾಯು ಹೊಲಿಯುವುದಿಲ್ಲ, ಇದರ ಗುರಿ ಅಂದವಲ್ಲ, ಆರೋಗ್ಯ. ವಿಮೆ ಇರುವವರು ಟಮ್ಮಿ ಟಕ್‌ಗೂ ಪ್ಯಾನಿಕ್ಯುಲೆಕ್ಟಮಿಗೂ ಇರುವ ವ್ಯತ್ಯಾಸವನ್ನು ವಿಚಾರಿಸಿಕೊಳ್ಳಬೇಕು.

ನಿಮ್ಮ ಹಳೆಯ ಕಲೆಗಳು, ಮುಂದಿನ ಯೋಜನೆಗಳು

ಇಲ್ಲಿ ಏನನ್ನೂ ಮುಚ್ಚಿಡಬೇಡಿ. ಬಲಪಕ್ಕೆಯ ಕೆಳಗೆ ಪಿತ್ತಕೋಶದ ಹಳೆಯ ತೆರೆದ ಶಸ್ತ್ರಚಿಕಿತ್ಸೆಯ ಉದ್ದ ಕಲೆ ಇದ್ದರೆ, ಅದರ ಕೆಳಗಿನ ಚರ್ಮಕ್ಕೆ ಮೇಲಿಂದ ಬರುವ ರಕ್ತ ಮೊದಲೇ ಕಡಿಮೆಯಾಗಿರುತ್ತದೆ. ಅಂಥಲ್ಲಿ ಚರ್ಮವನ್ನು ಅಗಲವಾಗಿ ಬಿಡಿಸಿದರೆ ಒಂದು ಭಾಗ ಸತ್ತುಹೋಗಬಹುದು, ಹಾಗಾಗಿ ವಿಧವನ್ನೇ ಬದಲಿಸಬೇಕಾಗುತ್ತದೆ. ಹೊಕ್ಕುಳಿನ ಹರ್ನಿಯಾ ಇದ್ದರೆ ಅದನ್ನೂ ಹೇಳಿ. ಎರಡನ್ನೂ ಒಟ್ಟಿಗೆ ಮಾಡಬಹುದು, ಆದರೆ ಹೊಕ್ಕುಳಿನ ರಕ್ತಸಂಚಾರದ ಬಗ್ಗೆ ವಿಶೇಷ ಎಚ್ಚರ ಬೇಕು.

ಸಿಗರೇಟು ಸೇದುವವರು ಕನಿಷ್ಠ 4 ವಾರ ಮೊದಲೇ ನಿಲ್ಲಿಸಿ, ಆಮೇಲೂ ಅಷ್ಟೇ ಕಾಲ ದೂರವಿರಬೇಕು. ವೇಪ್, ನಿಕೋಟಿನ್ ಗಮ್ ಕೂಡ ಬೇಡ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕೆಳಗೆಳೆದು ಹೊಲಿದ ಚರ್ಮದ ಅಂಚಿಗೆ ಇದರಿಂದ ಸಾಕಷ್ಟು ರಕ್ತ ತಲುಪದು. ತೂಕ ಸುಮಾರು 6 ತಿಂಗಳು ಏರಿಳಿತವಿಲ್ಲದೆ ನಿಂತಿರಬೇಕು. ತೂಕ ಇಳಿಸಲು ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಆದವರಿಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಲು ಹೇಳುತ್ತಾರೆ. ಮುಂದೆ ಮಗು ಬೇಕೆಂದಿದ್ದರೆ ಆಮೇಲೆ ಮಾಡಿಸಿ. ಟಮ್ಮಿ ಟಕ್ ಆದ ಮೇಲೂ ಬಸಿರಾಗಬಹುದು, ಆದರೆ ಹೊಲಿದ ಸ್ನಾಯು, ಚರ್ಮ ಮತ್ತೆ ಹಿಗ್ಗುತ್ತವೆ.

ವೈದ್ಯರ ಮುಂದೆ

ಪ್ಲಾಸ್ಟಿಕ್ ಸರ್ಜರಿಯಲ್ಲೇ ತರಬೇತಿ ಪಡೆದವರ ಬಳಿಗೆ ಹೋಗಿ. ನಿಮ್ಮನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ ಮೂರೂ ಬಗೆಯಲ್ಲಿ ನೋಡದೆ ವಿಧದ ಹೆಸರು ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಕೊಯ್ತ ಎಲ್ಲಿ ಬರುತ್ತದೆಂದು ಮಾರ್ಕರ್‌ನಿಂದ ನಿಮ್ಮ ಮೈಮೇಲೇ ಗೆರೆ ಎಳೆದು ತೋರಿಸಲು ಕೇಳಿ. ದಿನನಿತ್ಯ ಹಾಕುವ ಒಳಉಡುಪನ್ನು ತೊಟ್ಟು ಹೋದರೆ ಕಲೆ ಅದರೊಳಗೆ ಮುಚ್ಚಿಹೋಗುತ್ತದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ನಿಮ್ಮಂಥದೇ ಮೈಕಟ್ಟಿನವರ, ವರ್ಷ ಕಳೆದ ಮೇಲಿನ ಫೋಟೊಗಳನ್ನು ನೋಡಿ. ಮೂರು ತಿಂಗಳಿನ ಕಲೆ ಕೆಂಪಾಗಿ ದಪ್ಪಗಿರುತ್ತದೆ, ಅದು ಮಾಗಲು ವರ್ಷ, ಒಂದೂವರೆ ವರ್ಷ ಬೇಕು.

ಚರ್ಮದಡಿ ನೀರು ತುಂಬುವ ಸೆರೋಮ ಈ ಶಸ್ತ್ರಚಿಕಿತ್ಸೆಯ ತೀರ ಸಾಮಾನ್ಯ ತೊಡಕುಗಳಲ್ಲಿ ಒಂದು. ಅದಕ್ಕೆ ಡ್ರೈನ್ ಕೊಳವೆ ಇಡುತ್ತಾರೋ, ಚರ್ಮವನ್ನು ಒಳಗಿನಿಂದಲೇ ಅಲ್ಲಲ್ಲಿ ಹೊಲಿದು ಕೂರಿಸುತ್ತಾರೋ ಕೇಳಿ. ಅರಿವಳಿಕೆ ಕೊಡುವವರು ಯಾರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಏನು ಮಾಡುತ್ತಾರೆ ಎಂಬುದನ್ನೂ ಬಿಡದೆ ಕೇಳಿ. ನಿಮಗೋ ಮನೆಯವರಿಗೋ ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ನೀವು ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ತಿಳಿಸಿ.

ಎದ್ದು ಓಡಾಡುವವರೆಗೆ

ಮಿನಿ ಆದವರು ಒಂದೆರಡು ವಾರದಲ್ಲಿ ಕುಳಿತು ಮಾಡುವ ಕೆಲಸಕ್ಕೆ ಮರಳಬಹುದು. ಪೂರ್ಣ ವಿಧಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಬೆಲ್ಟ್ ವಿಧಕ್ಕೆ ಇನ್ನೂ ಹೆಚ್ಚು. ಮೊದಲ ವಾರ ಬೆನ್ನು ನೇರ ಮಾಡಿ ನಡೆಯಲಾಗುವುದಿಲ್ಲ, ತುಸು ಬಾಗಿಯೇ ನಡೆಯಬೇಕು. ಹಾಗಿದ್ದರೂ ಮೊದಲ ದಿನದಿಂದಲೇ ನಡೆಯಲೇಬೇಕು. ಸುಮಾರು 6 ವಾರ ಭಾರ ಎತ್ತುವಂತಿಲ್ಲ, ಮಗುವನ್ನೂ ಎತ್ತಿಕೊಳ್ಳುವಂತಿಲ್ಲ. ಚಿಕ್ಕ ಮಕ್ಕಳಿರುವ ತಾಯಂದಿರು ನೆರವಿಗೆ ಒಬ್ಬರು ಗೊತ್ತಾದ ಮೇಲೆಯೇ ದಿನಾಂಕ ಗೊತ್ತುಮಾಡಿಕೊಳ್ಳಲಿ. ಹೊಕ್ಕುಳಿನ ಕೆಳಗೆ ಜೋಮು ಹಿಡಿದಂತಿರುವುದು ಸಹಜ, ಅದು ತಿಂಗಳುಗಟ್ಟಲೆ ಇರಬಹುದು.

ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು, ಇವು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ನೇರ ತುರ್ತು ಚಿಕಿತ್ಸೆಗೆ ಹೋಗಿ. ಜ್ವರ ಬಂದರೆ, ಹೊಲಿಗೆಯ ಅಂಚು ಕಪ್ಪಾಗುತ್ತಿದ್ದರೆ, ಹೊಟ್ಟೆಯ ಒಂದು ಬದಿ ಥಟ್ಟನೆ ಉಬ್ಬಿದರೆ ಅಂದೇ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ.