ಬಣ್ಣ ಹಾಕದೆ ಜೀವಕೋಶಗಳನ್ನು ಗುರುತಿಸುವ ಕೆಲಸ: ನನ್ನ ಅನುಭವ

ಜೀವಂತ ಕೋಶವನ್ನು ಗುರುತಿಸಲು ಬೆಳಕು ಬಿದ್ದಾಗ ಹೊಳೆಯುವ ಪ್ರತಿದೀಪ್ತ ಬಣ್ಣವನ್ನೋ, ಅಂಥ ಬಣ್ಣ ಜೋಡಿಸಿದ, ನಿರ್ದಿಷ್ಟ ಅಣುವಿಗೆ ಅಂಟಿಕೊಳ್ಳುವ ಪ್ರತಿಕಾಯವನ್ನೋ ಬಳಸುವುದು ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವ ಕ್ರಮ. ಅದು ನಂಬಿಕೆಗೆ ಅರ್ಹವಾದ ಕ್ರಮವೇ ಹೌದು. ಆದರೆ ಯಾವ ಅಣುವನ್ನು ಹುಡುಕುತ್ತಿದ್ದೇವೆಂಬುದು ಮೊದಲೇ ಗೊತ್ತಿರಬೇಕು. ಕೆಲವು ಬಣ್ಣಗಳಂತೂ ಕೋಶದ ನಡವಳಿಕೆಯನ್ನೇ ಬದಲಿಸಿಬಿಡುತ್ತವೆ. ಆದ್ದರಿಂದ ಆರೋಗ್ಯವಂತರ ರಕ್ತದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನೂ, ರಕ್ತದ ಕ್ಯಾನ್ಸರ್‌ನಿಂದ ಪಡೆದು ಪ್ರಯೋಗಾಲಯದಲ್ಲಿ ಬೆಳೆಸುವ ಜರ್ಕಾಟ್ ಕೋಶಗಳನ್ನೂ ಕೋಶದಿಂದ ಚದುರಿದ ಬೆಳಕನ್ನು ಬಿಡಿಸಿ ಪಡೆಯುವ ರಾಮನ್ ರೋಹಿತದಿಂದಲೇ ಬೇರ್ಪಡಿಸಲು ನಾನು ತೊಡಗಿದೆ.

ಸಿ. ವಿ. ರಾಮನ್ ಅವರು 1928ರ ಫೆಬ್ರವರಿ 28ರಂದು ಕೋಲ್ಕತ್ತಾದಲ್ಲಿ ಕಂಡ ಪರಿಣಾಮವೇ ಈ ವಿಧಾನದ ಬುನಾದಿ. ಅಣುವಿನ ಕಂಪನಕ್ಕೆ ತಕ್ಕಂತೆ ಚದುರಿದ ಬೆಳಕಿನ ಅತಿ ಸಣ್ಣ ಪಾಲು ತರಂಗಾಂತರವನ್ನು ಬದಲಿಸಿಕೊಳ್ಳುತ್ತದೆ. ನೀರಿನ ರಾಮನ್ ಸಂಕೇತ ಬಲು ದುರ್ಬಲವಾಗಿರುವುದರಿಂದ ಕೋಶವನ್ನು ಒಣಗಿಸದೆ, ದ್ರವದಲ್ಲಿರುವಂತೆಯೇ ಅಳೆಯಬಹುದು.

ನಾನು 785 ನ್ಯಾನೋಮೀಟರ್ ಲೇಸರ್ ಆರಿಸಿಕೊಂಡೆ. ಹಸಿರು ಬೆಳಕಿನಲ್ಲಿ ರಾಮನ್ ಸಂಕೇತ ಹೆಚ್ಚು ಬಲವಾಗಿರುತ್ತದೆ, ನಿಜ. ಆದರೆ ಕೋಶಕ್ಕೆ ಆಗುವ ಹಾನಿಯೂ ಹೆಚ್ಚು. ತೇಲುವ ಲಿಂಫೋಸೈಟ್ ಸ್ಥಳದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅದೇ ಕಿರಣವನ್ನು ತೀಕ್ಷ್ಣವಾಗಿ ಕೇಂದ್ರೀಕರಿಸಿ, ಕೋಶವನ್ನು ಬೆಳಕಿನ ಚಿಮುಟದಲ್ಲಿ ಹಿಡಿದೆ. ಆರ್ಥರ್ ಆಶ್ಕಿನ್ ಅವರಿಗೆ 2018ರ ನೊಬೆಲ್ ಬಹುಮಾನ ಬಂದದ್ದು ಈ ಚಿಮುಟಕ್ಕಾಗಿಯೇ. ಸಾಮಾನ್ಯ ಗಾಜು ಈ ತರಂಗಾಂತರದಲ್ಲಿ ತಾನೇ ಹೊಳೆದು ಕೋಶದ ಸಂಕೇತವನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಮಾದರಿಯನ್ನು ಕ್ವಾರ್ಟ್ಸ್ ಮೇಲಿಟ್ಟೆ. ಬೆಳೆಸುವ ಮಾಧ್ಯಮದಲ್ಲಿರುವ ಫೀನಾಲ್ ರೆಡ್ ಎಂಬ ಬಣ್ಣ ಕೂಡ ಹಿನ್ನೆಲೆಯ ಹೊಳಪನ್ನು ಎತ್ತುವುದರಿಂದ ಕೋಶಗಳನ್ನು ಬಫರ್ ದ್ರಾವಣದಲ್ಲಿ ತೊಳೆದ ಮೇಲೆಯೇ ಅಳೆಯುತ್ತಿದ್ದೆ. ಪ್ರತಿ ಬಾರಿ ಆರಂಭದಲ್ಲಿ ಸಿಲಿಕಾನ್ ತುಣುಕಿನ 520ರ ಶಿಖರವನ್ನು ನೋಡಿ, ಬೆಳಕು ಎಷ್ಟು ಬದಲಾಯಿತೆಂದು ತೋರಿಸುವ ಅಲೆಸಂಖ್ಯೆಯ ಮಾಪಕವನ್ನು ಸರಿಹೊಂದಿಸುವುದು ನನ್ನ ಮಟ್ಟಿಗೆ ಬಿಡಲಾಗದ ನಿಯಮ.

ರೋಹಿತ ತೆರೆಯ ಮೇಲೆ ಮೂಡಿದಾಗ ಮೊದಲು ಕಣ್ಣಿಗೆ ಬೀಳುವುದು ಅಲೆಸಂಖ್ಯೆ 1004ರ ಬಳಿ ನೇರವಾಗಿ ಎದ್ದು ನಿಲ್ಲುವ ಕಿರಿದಾದ ಶಿಖರ. ಅದು ಪ್ರೋಟೀನ್‌ಗಳಲ್ಲಿರುವ ಫಿನೈಲ್‌ಅಲನೈನ್‌ನದು. ಅಲೆಸಂಖ್ಯೆ 785ರ ಸುತ್ತ ನ್ಯೂಕ್ಲಿಯಿಕ್ ಆಮ್ಲಗಳು, 1450ರ ಸುತ್ತ ಕೊಬ್ಬು ಮತ್ತು ಪ್ರೋಟೀನ್‌ಗಳ ಇಂಗಾಲ-ಜಲಜನಕ ಬಂಧಗಳು, 1655ರ ಬಳಿ ಪ್ರೋಟೀನ್ ಬೆನ್ನೆಲುಬಿನ ಅಗಲವಾದ ದಿಬ್ಬ. ಎರಡು ಬಗೆಯ ಕೋಶಗಳಲ್ಲೂ ಇದೇ ಶಿಖರಗಳು ಇರುತ್ತವೆ. ವ್ಯತ್ಯಾಸವೆಲ್ಲ ಅವುಗಳ ಪರಸ್ಪರ ಎತ್ತರದಲ್ಲಿರುತ್ತದೆ.

ಏನನ್ನೂ ಬೆರೆಸಿಲ್ಲ ಎಂದ ಮಾತ್ರಕ್ಕೆ ಕೋಶವನ್ನು ಮುಟ್ಟಿಲ್ಲ ಎಂದಾಗುವುದಿಲ್ಲ, ಏಕೆಂದರೆ ಬೆಳಕೂ ಒಂದು ಹಸ್ತಕ್ಷೇಪವೇ. ಅಳತೆಯ ನಂತರ ಪೊರೆ ಕೆಟ್ಟ ಕೋಶಗಳ ಒಳಗೆ ಮಾತ್ರ ಹೋಗುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ನೋಡುವುದು ಸಾಲದು, ಏಕೆಂದರೆ ಕೋಶಪೊರೆ ಕೆಡುವುದು ಹಾನಿಯ ತಡವಾದ ಹಂತದಲ್ಲಿ. ಆದ್ದರಿಂದ ಬೆಳಕಿಗೆ ಒಡ್ಡಿದ ಜರ್ಕಾಟ್ ಕೋಶಗಳನ್ನು ಇನ್‌ಕ್ಯುಬೇಟರ್‌ಗೆ ಮರಳಿಸಿ, ಅವು ಮುಂದೆ ವಿಭಜನೆಯಾಗುತ್ತವೆಯೇ ಎಂದು ಗಮನಿಸಿದ ಮೇಲೆಯೇ ಲೇಸರ್ ಶಕ್ತಿಯನ್ನು ನಿಗದಿಪಡಿಸಿದೆ.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ, ಕಂಡ ವ್ಯತ್ಯಾಸ ಯಾವುದರದು ಎಂಬುದು. ಜರ್ಕಾಟ್ ಸದಾ ವಿಭಜನೆಯಾಗುವ ಕೋಶ. ರಕ್ತದಿಂದ ತೆಗೆದ ಲಿಂಫೋಸೈಟ್ ಬಹುಮಟ್ಟಿಗೆ ವಿಶ್ರಾಂತಿಯಲ್ಲಿರುವ ಕೋಶ. ಇವೆರಡನ್ನೇ ಹೋಲಿಸಿದರೆ ಕ್ಯಾನ್ಸರ್ ಅನ್ನು ಗುರುತಿಸಿದೆವೋ, ಬರೀ ವಿಭಜನೆಯನ್ನು ಗುರುತಿಸಿದೆವೋ ಹೇಳಲಾಗದು. ಅದಕ್ಕಾಗಿ ರಾಜ್ಮಾ ಕಾಳಿನಿಂದ ತೆಗೆಯುವ ಫೈಟೋಹೀಮಾಗ್ಲುಟಿನಿನ್ ಎಂಬ ಪ್ರೋಟೀನ್‌ನಿಂದ ಆರೋಗ್ಯವಂತರ ಲಿಂಫೋಸೈಟ್‌ಗಳನ್ನು ವಿಭಜನೆಗೆ ಪ್ರಚೋದಿಸಿ, ಮೂರನೆಯ ಗುಂಪಾಗಿ ಸೇರಿಸಿದೆ. ಆಗ ಕೆಲವು ವ್ಯತ್ಯಾಸಗಳು ಕುಗ್ಗಿದವು. ಉಳಿದವನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡೆ. ಗಣಕ ಮಾಡುವ ವರ್ಗೀಕರಣವನ್ನು ಪರೀಕ್ಷಿಸುವಾಗಲೂ ಬಿಡಿ ಕೋಶಗಳನ್ನಲ್ಲ, ಒಬ್ಬ ದಾನಿಯ ಎಲ್ಲ ಕೋಶಗಳನ್ನೂ ಒಟ್ಟಿಗೆ ಅದರ ಕಲಿಕೆಯಿಂದ ಹೊರಗಿಟ್ಟೆ. ಹಾಗೆ ಮಾಡದಿದ್ದರೆ ಗಣಕವು ರೋಗವನ್ನು ಕಲಿಯುವ ಬದಲು ದಾನಿಯನ್ನೂ ಆ ದಿನದ ಉಪಕರಣದ ಸ್ಥಿತಿಯನ್ನೂ ಕಲಿತುಬಿಡುತ್ತದೆ.

ಹರಿಯುವ ಕೋಶಗಳನ್ನು ಒಂದೊಂದಾಗಿ ಬೆಳಕಿನಿಂದ ಅಳೆಯುವ ಫ್ಲೋ ಸೈಟೋಮೀಟರ್ ಎಂಬ ಉಪಕರಣ ಸೆಕೆಂಡಿಗೆ ಸಾವಿರಾರು ಕೋಶಗಳನ್ನು ಎಣಿಸಬಲ್ಲದು. ನನ್ನ ವ್ಯವಸ್ಥೆಯಲ್ಲಿ ಒಂದೊಂದು ಕೋಶಕ್ಕೂ ನಿಮಿಷದ ಹೊತ್ತು ಬೇಕು. ಆದ್ದರಿಂದ ದೊಡ್ಡ ಪ್ರಮಾಣದ ತಪಾಸಣೆಗೆ ನಾನು ಇದನ್ನು ಸೂಚಿಸುವುದಿಲ್ಲ. ಕೋಶಗಳು ಕೆಲವೇ ಇದ್ದು, ಅಳತೆಯಾದ ಮೇಲೂ ಅವುಗಳನ್ನು ಬದುಕಿಸಿ ಬೆಳೆಸಬೇಕಾದ ಕಡೆ ಮಾತ್ರ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.