ಮನೆಯವರೊಬ್ಬರಲ್ಲಿ ಮನೋರೋಗದ ಲಕ್ಷಣ ಕಂಡಾಗ ಮಾಡಬೇಕಾದದ್ದು

ಶಿರಸಿ ತಾಲ್ಲೂಕಿನ ನನ್ನ ಸಂಬಂಧಿಕರೊಬ್ಬರು ತೋಟಕ್ಕೆ ಇಳಿಯುವುದನ್ನು ಬಿಟ್ಟಾಗ ಮನೆಯವರು ಅದನ್ನು ಮೊದಲು ಸೋಮಾರಿತನವೆಂದರು, ಆಮೇಲೆ ಗ್ಯಾಸಿನ ತೊಂದರೆಯೆಂದರು, ಕಡೆಗೆ ಯಾರದೋ ದೃಷ್ಟಿ ತಾಗಿದೆಯೆಂದರು. ಅವರನ್ನು ಮನೋವೈದ್ಯರ ಎದುರು ಕೂರಿಸುವ ಹೊತ್ತಿಗೆ ಎರಡು ಮಳೆಗಾಲ ಕಳೆದಿದ್ದವು. ಅವರಿಗಿದ್ದದ್ದು ಖಿನ್ನತೆ, ಚಿಕಿತ್ಸೆಯಿಂದ ಕೆಲವೇ ತಿಂಗಳಲ್ಲಿ ಅವರು ಚೇತರಿಸಿಕೊಂಡರು ಕೂಡ. ಆದರೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸದೆ ಉದುರಿಹೋದ ಎರಡು ಫಸಲು, ಸೊಸೈಟಿಯಲ್ಲಿ ಬೆಳೆದ ಸಾಲ, ಓದು ನಿಲ್ಲಿಸುವ ಹಂತಕ್ಕೆ ಬಂದಿದ್ದ ಮಗಳು, ಇವೆಲ್ಲ ಗುಳಿಗೆಯಿಂದ ಸರಿಹೋಗುವ ಸಂಗತಿಗಳಾಗಿರಲಿಲ್ಲ. ಮನೋರೋಗದ ನಿಜವಾದ ಹಾನಿ ಬಹುಪಾಲು ಈ ತಡದಲ್ಲಿಯೇ ಇದೆ. ಆ ತಡವನ್ನು ಹೇಗೆ ಕಡಿಮೆ ಮಾಡಬಹುದೆಂಬುದೇ ಈ ಬರಹದ ವಿಷಯ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, 18 ವರ್ಷ ತುಂಬಿದವರ ಪೈಕಿ ಶೇ. 10.6 ಮಂದಿಗೆ ಸಮೀಕ್ಷೆಯ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. ಜೀವಮಾನದಲ್ಲಿ ಎಂದಾದರೂ ಅನುಭವಿಸಿದವರನ್ನು ಸೇರಿಸಿಕೊಂಡರೆ ಈ ಪ್ರಮಾಣ ಶೇ. 13.7. ಕರ್ನಾಟಕವು ಆ 12 ರಾಜ್ಯಗಳಲ್ಲಿ ಇರಲಿಲ್ಲವಾದ್ದರಿಂದ ಈ ಅಂಕಿಯನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹಾಗೆಯೇ ಅನ್ವಯಿಸಲಾಗದು. ಆದರೂ ನೂರು ವಯಸ್ಕರಿರುವ ಮಜರೆಯೊಂದರಲ್ಲಿ ಹತ್ತು ಮಂದಿ ಎಂಬ ಅಂದಾಜನ್ನು ಮನಸ್ಸಿನಲ್ಲಿಟ್ಟುಕೊಂಡರೆ, ‘ನಮ್ಮ ಮನೆಗೇ ಏಕೆ ಬಂತು’ ಎಂಬ ಪ್ರಶ್ನೆಯ ಭಾರ ಇಳಿಯುತ್ತದೆ. ಅದೇ ಸಮೀಕ್ಷೆ ಕಂಡುಕೊಂಡ ಇನ್ನೊಂದು ಸಂಗತಿ ಹೆಚ್ಚು ಕಳವಳಕಾರಿಯಾದುದು: ಕಾಯಿಲೆಯಿದ್ದೂ ಚಿಕಿತ್ಸೆ ಪಡೆಯದವರ ಪ್ರಮಾಣ ಆಯಾ ಕಾಯಿಲೆಗೆ ಅನುಗುಣವಾಗಿ ಶೇ. 70ರಿಂದ 92ರಷ್ಟಿತ್ತು.

ಮೊದಲು ಗಮನಿಸಿ, ಬರೆದಿಡಿ

ಕಾಯಿಲೆಯ ಹೆಸರು ಹೇಳುವುದು ವೈದ್ಯರ ಕೆಲಸ. ಬದಲಾವಣೆಯನ್ನು ಗುರುತಿಸುವುದು ಮನೆಯವರ ಕೆಲಸ. ಹಳೆಯ ನೋಟ್‌ಬುಕ್ಕೊಂದರಲ್ಲಿ ದಿನಕ್ಕೆರಡು ಸಾಲು ಬರೆದರೆ ಸಾಕು: ಎಷ್ಟು ಗಂಟೆ ನಿದ್ದೆ ಬಂತು, ಊಟ ಹೇಗಿತ್ತು, ಸ್ನಾನ ಮಾಡಿದರೇ, ನಿತ್ಯದ ಕೆಲಸಕ್ಕೆ ಹೋದರೇ, ಯಾರೊಡನೆ ಮಾತನಾಡಿದರು, ಕುಡಿದರೇ. ನಮ್ಮ ಕಡೆಯವರು ‘ನನಗೆ ಖಿನ್ನತೆಯಾಗಿದೆ’ ಎಂದು ಹೇಳುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಉರಿ, ಕೈಕಾಲು ಜೋಮು, ನಿಶ್ಶಕ್ತಿ, ಮಂಡೆ ಬಿಸಿ ಎನ್ನುತ್ತಾರೆ. ಇಸಿಜಿ ಮತ್ತು ರಕ್ತಪರೀಕ್ಷೆಗಳಲ್ಲಿ ಏನೂ ಕಾಣದೆ ಇಂಥ ದೂರುಗಳು ಮುಂದುವರಿದಿದ್ದು, ಜೊತೆಗೆ ಹಿಂದೆ ಇಷ್ಟವಾಗುತ್ತಿದ್ದ ಯಕ್ಷಗಾನವೋ ಕ್ರಿಕೆಟ್ಟೋ ನೆಂಟರ ಮನೆಯೋ ಬೇಡವೆನಿಸುವುದು ಎರಡು ವಾರಕ್ಕೂ ಹೆಚ್ಚು ಕಾಲ ಉಳಿದರೆ, ವೈದ್ಯರಲ್ಲಿ ಖಿನ್ನತೆಯ ಬಗ್ಗೆ ನೇರವಾಗಿ ಕೇಳಬೇಕು.

ಇಲ್ಲದ ದನಿ ಕೇಳಿಸುವುದು, ನೆರೆಯವರು ತನಗೆ ವಿಷ ಹಾಕುತ್ತಿದ್ದಾರೆಂಬ ಅಲುಗಾಡದ ನಂಬಿಕೆ, ರಾತ್ರಿಯಿಡೀ ನಿದ್ದೆಯಿಲ್ಲದೆಯೂ ದಣಿಯದೆ ಮಾತನಾಡುತ್ತ ಕೈಯಲ್ಲಿದ್ದ ಹಣವನ್ನೆಲ್ಲ ಖರ್ಚು ಮಾಡುವುದು, ಇವು ತೀವ್ರ ಮನೋರೋಗದ ಲಕ್ಷಣಗಳು. ಇವು ಕಂಡರೆ ಎರಡು ವಾರ ಕಾಯುವ ಅಗತ್ಯವಿಲ್ಲ. ಹದಿಹರೆಯದವರಲ್ಲಿ ಓದಿನಲ್ಲಿ ಹಠಾತ್ತನೆ ಹಿಂದೆ ಬೀಳುವುದು, ಕೋಣೆಯ ಬಾಗಿಲು ಹಾಕಿಕೊಂಡೇ ಇರುವುದು ಹಟಮಾರಿತನವಾಗಿರಬಹುದು, ಆಗಿರದೆಯೂ ಇರಬಹುದು. ಬಹುಪಾಲು ಮಾನಸಿಕ ಕಾಯಿಲೆಗಳು ಇಪ್ಪತ್ತೈದು ವರ್ಷದೊಳಗೇ ತಲೆದೋರುತ್ತವೆ.

ಎರಡು ಸಂದರ್ಭಗಳನ್ನು ಬೇರೆಯಾಗಿಯೇ ಹೇಳಬೇಕು. ಹಳಬರು ‘ಬಾಣಂತಿ ಸನ್ನಿ’ ಎಂದು ಕರೆಯುತ್ತಿದ್ದುದು ಕಲ್ಪನೆಯಲ್ಲ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ನಿದ್ದೆಗೆಟ್ಟು, ಅಸಂಬದ್ಧವಾಗಿ ಮಾತನಾಡಿ, ಮಗುವಿನ ಬಗ್ಗೆ ವಿಚಿತ್ರ ಭಯಗಳನ್ನು ಹೇಳುವ ಬಾಣಂತಿಯನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು, ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡಬಾರದು. ಹಾಗೆಯೇ ವಯಸ್ಸಾದವರು ಒಂದೆರಡು ದಿನಗಳೊಳಗೆ ಗೊಂದಲಗೊಂಡು ಮನೆಯವರ ಗುರುತು ಹಿಡಿಯದಾದರೆ ಅದು ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ ಅಥವಾ ಸಕ್ಕರೆಯ ಏರುಪೇರಿನಿಂದ ಆಗಿರಬಹುದು. ಅದಕ್ಕೆ ಬೇಕಾದದ್ದು ಕೂಡಲೇ ದೇಹದ ತಪಾಸಣೆ. ಥೈರಾಯ್ಡ್ ಕೊರತೆ, ಬಿ12 ಕೊರತೆಗಳು ಕೂಡ ಖಿನ್ನತೆಯಂತೆಯೇ ಕಾಣಿಸಬಲ್ಲವು.

ಮಾತನಾಡುವ ಬಗೆ

‘ಎಲ್ಲರಿಗೂ ಕಷ್ಟ ಇದ್ದದ್ದೇ, ಮನಸ್ಸು ಗಟ್ಟಿ ಮಾಡಿಕೋ’ ಎಂಬ ಮಾತಿನಿಂದ ಯಾರಿಗೂ ಒಳಿತಾದದ್ದನ್ನು ನಾನು ನೋಡಿಲ್ಲ. ಮುರಿದ ಕಾಲಿನವನಿಗೆ ಗುಡ್ಡ ಹತ್ತು ಎಂದಂತೆ ಅದು. ಜಗಲಿಯಲ್ಲಿ ನಾಲ್ಕು ಜನರ ಎದುರು ವಿಚಾರಣೆ ನಡೆಸುವ ಬದಲು, ಅಡಿಕೆ ಸುಲಿಯುವಾಗಲೋ ಸಂಜೆ ಕಡಲ ದಂಡೆಯಲ್ಲಿ ನಡೆಯುವಾಗಲೋ ಒಬ್ಬರೇ ಮಾತು ತೆಗೆಯುವುದು ಒಳ್ಳೆಯದು. ಕಂಡದ್ದನ್ನಷ್ಟೇ ಹೇಳಿ: ‘ತಮಾ, ಹದಿನೈದು ದಿನದಿಂದ ನೀನು ಸರಿ ಮಲಗಿದ್ದನ್ನು ನಾನು ಕಂಡಿಲ್ಲ. ಸೋಮವಾರ ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಬರೋಣ, ನಿದ್ದೆಗೆ ಏನಾದರೂ ಉಪಾಯ ಹೇಳುತ್ತಾರೆ.’ ಮನೋವೈದ್ಯರೆಂದೊಡನೆ ಹಿಂಜರಿಯುವವರು ನಿದ್ದೆಯ ಕಾರಣಕ್ಕೆ ಬರಲು ಒಪ್ಪುತ್ತಾರೆ. ಅದು ಸುಳ್ಳೂ ಅಲ್ಲ. ಭ್ರಮೆಯಲ್ಲಿರುವವರೊಡನೆ ‘ಅದೆಲ್ಲ ಸುಳ್ಳು’ ಎಂದು ವಾದಿಸಬೇಡಿ, ‘ಹೌದು’ ಎಂದು ಒಪ್ಪಿಕೊಳ್ಳಲೂ ಬೇಡಿ. ‘ನಿಮಗೆ ತುಂಬ ಭಯವಾಗುತ್ತಿದೆ ಎಂಬುದು ನನಗೆ ಕಾಣುತ್ತಿದೆ’ ಎಂದರೆ ಸಾಕು.

ದೇವಸ್ಥಾನದಲ್ಲಿ ಪ್ರಸಾದ ಕೇಳುವುದು, ದೇವರು ಮೈದುಂಬಿದವರ ಮಾತು ಕೇಳುವುದು ಕರಾವಳಿಯಲ್ಲೂ ಘಟ್ಟದ ಮೇಲೂ ನಡೆದುಬಂದದ್ದು. ಅದನ್ನು ತಡೆಯಹೋಗಿ ಅಜ್ಜಿಯೊಡನೆ ಜಗಳ ಕಾಯುವ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ. ಹರಕೆಯಿಂದ ಮನೆಯವರಿಗೆ ಸಿಗುವ ಧೈರ್ಯವೂ ಸಣ್ಣದಲ್ಲ. ಆದರೆ ಹರಕೆಗೆ ಹೋದ ವಾರವೇ ಆಸ್ಪತ್ರೆಗೂ ಹೋಗಬೇಕು, ಹರಕೆಯ ಜಾಗದಲ್ಲಿ ಯಾರೂ ಗುಳಿಗೆ ನಿಲ್ಲಿಸೆಂದು ಹೇಳುವಂತಿರಬಾರದು. ಹೊಡೆಯುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಯಾವ ಹೆಸರಿನಲ್ಲೂ ಸಲ್ಲದು. ಮನೋರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ.

ಎಲ್ಲಿಗೆ ಹೋಗುವುದು

ಮೊದಲ ಹೆಜ್ಜೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೇ ಆಗಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ನಮ್ಮ ರಾಜ್ಯದಲ್ಲಿಯೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು ಅದು 1996ರಲ್ಲಿ ದೇಶದ ಮಟ್ಟದಲ್ಲಿ ಆರಂಭವಾಯಿತು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆಯ ವ್ಯವಸ್ಥೆಯನ್ನು ರೂಪಿಸಲಾಗಿದೆ. ನಿಮ್ಮ ತಾಲ್ಲೂಕಿಗೆ ತಿಂಗಳ ಯಾವ ಮಂಗಳವಾರ ಬರುತ್ತಾರೆಂಬುದನ್ನು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿಕೊಂಡೇ ಹೊರಡಿ, ಇಲ್ಲವಾದರೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ದಂಡ. ಕಾರವಾರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಹಳಿಯಾಳ, ಮುಂಡಗೋಡಿನವರು ಘಟ್ಟ ಇಳಿದು ಕಾರವಾರಕ್ಕೆ ಹೋಗುವುದಕ್ಕಿಂತ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುವುದು ಸುಲಭ. ಭಟ್ಕಳದವರಿಗೆ ಮಣಿಪಾಲ ಹತ್ತಿರ. ಊರಿನಲ್ಲಿ ಯಾರಾದರೂ ನೋಡಿಬಿಡುತ್ತಾರೆಂಬ ಅಂಜಿಕೆಯಿಂದ ದೂರದ ಊರನ್ನೇ ಆರಿಸಿಕೊಳ್ಳುವವರಿದ್ದಾರೆ. ಮೊದಲ ಭೇಟಿಗೆ ಅದು ಸರಿಹೋದೀತು, ಆದರೆ ತಿಂಗಳು ತಿಂಗಳು ಹೋಗಿಬರಬೇಕಾದಾಗ ದೂರವೇ ಚಿಕಿತ್ಸೆಯನ್ನು ನಿಲ್ಲಿಸುತ್ತದೆ.

ಹೊರಡಲು ಆಗದವರಿಗೆ 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆ ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಸಿಗ್ನಲ್ ಸಿಗಲು ಗುಡ್ಡದ ನೆತ್ತಿಗೆ ಹೋಗಬೇಕಾದ ಊರುಗಳು ನಮ್ಮಲ್ಲಿ ಇನ್ನೂ ಇರುವುದರಿಂದ, ಕರೆ ಮಾಡುವ ಮೊದಲೇ ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಆಸ್ಪತ್ರೆಗೆ ಹೋಗುವಾಗ ಆ ನೋಟ್‌ಬುಕ್, ಹಳೆಯ ಔಷಧ ಚೀಟಿಗಳು, ಸದ್ಯ ತೆಗೆದುಕೊಳ್ಳುತ್ತಿರುವ ನಾಟಿ ಮದ್ದು ಸೇರಿದಂತೆ ಎಲ್ಲ ಔಷಧಗಳು ಜೊತೆಯಲ್ಲಿರಲಿ. ಕುಟುಂಬದಲ್ಲಿ ಹಿಂದೆ ಯಾರಿಗಾದರೂ ಇಂಥದ್ದಿತ್ತೇ ಎಂದು ಕೇಳಿದರೆ ಮುಚ್ಚಿಡಬೇಡಿ. ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವುದು ವೈದ್ಯರ ಮೇಲೆ ಕಾಯ್ದೆ ಹೊರಿಸಿರುವ ಹೊಣೆ.

ಗುಳಿಗೆ ಮತ್ತು ಮಳೆಗಾಲ

ಖಿನ್ನತೆಯ ಔಷಧ ತಲೆನೋವಿನ ಗುಳಿಗೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ; ಪರಿಣಾಮ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಹೊಟ್ಟೆ ತೊಳಸುವಿಕೆ, ಮಂಪರಿನಂಥ ಅಡ್ಡಪರಿಣಾಮಗಳು ಮಾತ್ರ ಮೊದಲ ವಾರದಲ್ಲೇ ಬರುತ್ತವೆ. ಲಾಭ ಕಾಣುವ ಮೊದಲೇ ತೊಂದರೆ ಕಾಣುವುದರಿಂದ ಅನೇಕರು ಹತ್ತನೆಯ ದಿನಕ್ಕೆ ಕೈಬಿಡುತ್ತಾರೆ, ಅನೇಕರು ಗುಣವಾಯಿತೆಂದು ಮೂರನೆಯ ತಿಂಗಳಿಗೆ ಬಿಡುತ್ತಾರೆ. ಪೂರ್ತಿ ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು, ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಚಟವಾಗುತ್ತದೆಂಬ ಭಯ ಖಿನ್ನತೆಯ ಔಷಧಗಳ ವಿಷಯದಲ್ಲಿ ಆಧಾರವಿಲ್ಲದ್ದು. ಅದು ನಿಜವಾಗಿ ಸಲ್ಲುವುದು ಕೆಲವು ಬಗೆಯ ನಿದ್ದೆಗುಳಿಗೆಗಳಿಗೆ, ಮತ್ತು ಜನರು ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳುವುದು ಅವನ್ನೇ ಎಂಬುದು ವಿಪರ್ಯಾಸ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಎಂಬ ಔಷಧವನ್ನು ತೆಗೆದುಕೊಳ್ಳುವವರು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು, ವಾಂತಿಭೇದಿಯಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ದೋಣಿಯಲ್ಲಿ, ಗರಗಸದ ಮಿಲ್ಲಿನಲ್ಲಿ, ಸ್ಟೀರಿಂಗ್ ಮುಂದೆ ದುಡಿಯುವವರು ಆ ಸಂಗತಿಯನ್ನು ಮೊದಲೇ ಹೇಳಿದರೆ ಮಂಪರು ಕಡಿಮೆಯಿರುವ ಔಷಧವನ್ನು ಆರಿಸಲು ಸಾಧ್ಯವಾಗುತ್ತದೆ.

ಕಾಲುಸಂಕ ದಾಟಿ ಮನೆ ಸೇರಬೇಕಾದವರು, ಗುಡ್ಡ ಕುಸಿದು ಘಟ್ಟದ ರಸ್ತೆ ಮುಚ್ಚುವ ಊರಿನವರು ಮೇ ತಿಂಗಳಲ್ಲೇ ಮಳೆಗಾಲಕ್ಕಾಗುವಷ್ಟು ಔಷಧದ ಬಗ್ಗೆ ವೈದ್ಯರಲ್ಲಿ ಕೇಳಿಕೊಳ್ಳಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಹೆದ್ದಾರಿ ಹಲವು ದಿನ ಮುಚ್ಚಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಂಥ ದುರಂತವನ್ನು ಕಣ್ಣಾರೆ ಕಂಡವರಿಗೆ ಮೊದಲ ದಿನಗಳಲ್ಲಿ ನಿದ್ದೆ ಬಾರದಿರುವುದು ಸಹಜ. ಅದೇ ದೃಶ್ಯ ಕನಸಿನಲ್ಲಿ ಮರುಕಳಿಸುವುದು, ಮಳೆಯ ಸದ್ದಿಗೇ ಬೆಚ್ಚುವುದು ತಿಂಗಳು ಮೀರಿದರೆ ಅದಕ್ಕೂ ಚಿಕಿತ್ಸೆಯಿದೆ.

ಕುಡಿತದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ ಬಿಡುವಿನಲ್ಲಿ ಕುಡಿತ ಬಿಡುವ ಸಂಕಲ್ಪ ಮಾಡುವವರು, ಅವರನ್ನು ಬಿಡಿಸಲು ಕೋಣೆಯಲ್ಲಿ ಕೂಡಿಹಾಕುವ ಮನೆಯವರು ಇಬ್ಬರೂ ಇದ್ದಾರೆ. ವರ್ಷಗಟ್ಟಲೆ ಪ್ರತಿನಿತ್ಯ ಹೆಚ್ಚು ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಉಂಟಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಬೆಳಗ್ಗೆ ಕುಡಿಯುವವರೆಗೆ ಕೈ ನಡುಗುವವರು ವೈದ್ಯರ ನಿಗಾದಲ್ಲಿಯೇ ಬಿಡಬೇಕು.

ಸಾವಿನ ಮಾತು ಬಂದಾಗ

‘ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ’ ಎಂಬಂಥ ಮಾತು ಕೇಳಿಸಿದರೆ ಕೇಳದಂತಿರಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯೇ?’ ಎಂದು ಮೆತ್ತಗೆ, ಆದರೆ ನೇರವಾಗಿ ಕೇಳಬೇಕು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ; ವಾಹನಕ್ಕೆ 108, ತುರ್ತು ನೆರವಿಗೆ 112. ತೋಟದ ಮನೆಯಲ್ಲಿರುವ ಕಳೆನಾಶಕ, ಕೀಟನಾಶಕಗಳನ್ನು ಬೀಗ ಹಾಕಿ ಕೀಲಿಯನ್ನು ಬೇರೆಯವರ ಕೈಗೆ ಕೊಡುವುದು, ಬೆಳೆ ಕಾಯಲು ಇಟ್ಟುಕೊಂಡ ಪರವಾನಗಿ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಿಡುವುದು, ಗುಳಿಗೆಗಳನ್ನು ಮನೆಯವರೇ ದಿನದಷ್ಟು ಎಣಿಸಿ ಕೊಡುವುದು, ಇವು ಕೇಳಲು ಸಣ್ಣ ಕೆಲಸಗಳು. ಆದರೆ ಆ ತೀವ್ರ ಆವೇಗ ಅನೇಕರಲ್ಲಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಕಾಗಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರನ್ನು ಶಿಕ್ಷಿಸಬಾರದೆಂದು 2017ರ ಕಾಯ್ದೆಯ 115ನೇ ಕಲಂ ಹೇಳುತ್ತದೆ.

ಉಳಿದವರ ಪಾಡು

ಮನೆಯಲ್ಲಿ ಒಬ್ಬರು ಮಲಗಿದರೆ ನೋಡಿಕೊಳ್ಳುವ ಹೊಣೆ ಹೆಚ್ಚಾಗಿ ಒಬ್ಬಳೇ ಹೆಂಗಸಿನ ಮೇಲೆ ಬೀಳುತ್ತದೆ, ಕೊಟ್ಟಿಗೆ ಅಡುಗೆ ಎರಡರ ಜೊತೆಗೆ. ಬೆಂಗಳೂರಿನಲ್ಲಿರುವ ಮಕ್ಕಳು ಫೋನಿನಲ್ಲಿ ಸಲಹೆ ಕೊಡುವ ಬದಲು ತಿಂಗಳಿಗೆರಡು ದಿನ ಬಂದು ಆಸ್ಪತ್ರೆಯ ಓಡಾಟವನ್ನು ವಹಿಸಿಕೊಂಡರೆ ಆಯಿಗೂ ಒಂದು ರಾತ್ರಿಯ ನಿದ್ದೆ ಸಿಗುತ್ತದೆ. ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂಬ ಸಲಹೆಯನ್ನು ಮಾತ್ರ ಯಾರಿಂದ ಬಂದರೂ ಬದಿಗಿಡಿ. ಕಾಯಿಲೆಯನ್ನು ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮದುಮಗಳಿಗೆ ಕಾಣದಂತೆ ಗುಳಿಗೆ ಬಚ್ಚಿಡಬೇಕಾಗುತ್ತದೆ, ಬಚ್ಚಿಟ್ಟ ಗುಳಿಗೆ ತಪ್ಪುತ್ತದೆ, ತಪ್ಪಿದರೆ ಕಾಯಿಲೆ ಮರುಕಳಿಸುತ್ತದೆ.

ದೀರ್ಘಕಾಲದ ಕಾಯಿಲೆಯಿಂದ ದುಡಿಯಲಾಗದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅನ್ವಯಿಸುತ್ತದೆ. ವೈದ್ಯಕೀಯ ಮಂಡಳಿ ಶೇ. 40 ಅಥವಾ ಹೆಚ್ಚಿನ ವೈಕಲ್ಯವನ್ನು ದೃಢೀಕರಿಸಿದರೆ ಸರ್ಕಾರಿ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಆರೋಗ್ಯ ವಿಮೆಯಿದ್ದವರು ಪಾಲಿಸಿಯ ಷರತ್ತುಗಳನ್ನು ಓದಿ ನೋಡಿ, ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂಬುದು ಈಗ ಕಾನೂನು. ಆಸ್ಪತ್ರೆಯಿಂದ ಬಂದ ಚೀಟಿ, ಬಿಲ್ಲುಗಳನ್ನೆಲ್ಲ ಮೊದಲ ದಿನದಿಂದಲೇ ಒಂದು ಕಡತದಲ್ಲಿಟ್ಟು, ಮುಂದಿನ ಭೇಟಿಯ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.